ಸಕ್ಕರೆಯಿಲ್ಲದ ಸಿಹಿ, ದೋಷವಿಲ್ಲದ ಬಾಗಿಲು

ಜನವರಿ 9, ಮಂಗಳವಾರ

ಡಾಕ್ಟರ್ ವಿಲ್ಚೆಕ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ರಕ್ತದ ವರದಿಯನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ಒಂದು ಅಂಕಿ ತೋರಿಸಿದಳು. ಮೂರು ತಿಂಗಳ ಸರಾಸರಿ ಸಕ್ಕರೆ ಎಂಟೂವರೆ. ಆರೂವರೆ ಮುಟ್ಟಿದರೇ ಕಾಯಿಲೆಯಂತೆ.

"ಬಾಯಾರಿಕೆ ಯಾವಾಗಿಂದ ಜಾಸ್ತಿ, ಲುತ್ಸೀನಾ ಮೇಡಂ?"

"ನಾನು ಟ್ರಾಮ್ ಓಡಿಸೋಳು. ಬಾಯಾರಿದ್ರೂ ನೀರು ಕುಡಿಯಲ್ಲ. ಕುಡಿದು ದಾರೀಲಿ ಎಲ್ಲಿಗೆ ಹೋಗ್ಲಿ?"

ತಮಾಷೆ ಎಂದುಕೊಂಡು ನಕ್ಕಳು. ನಾನು ನಗಲಿಲ್ಲ. ಇಪ್ಪತ್ತೇಳು ವರ್ಷದಿಂದ ಈ ವೂಜ್ ನಗರದಲ್ಲಿ ಟ್ರಾಮ್ ಓಡಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಚಾಲಕರ ವೈದ್ಯಕೀಯ ಪರೀಕ್ಷೆ ಇದೆ. ಅಷ್ಟರೊಳಗೆ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಬೇಕಾಗಬಹುದು ಎಂದಳು. ಇನ್ಸುಲಿನ್ ಶುರುವಾದ ಮೇಲೆ ನನ್ನನ್ನು ಮತ್ತೆ ಚಾಲಕಿಯ ಸೀಟಿನಲ್ಲಿ ಕೂರಿಸುತ್ತಾರೋ ಇಲ್ಲವೋ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮೆಟ್‌ಫಾರ್ಮಿನ್ ಮಾತ್ರೆ, ಬೆರಳು ಚುಚ್ಚಿ ಸಕ್ಕರೆ ನೋಡುವ ಮಷೀನು, ಒಂದು ನೀಲಿ ಪುಸ್ತಕ ಕೊಟ್ಟು ಕಳಿಸಿದಳು. ತಿಂದದ್ದು, ಕುಡಿದದ್ದು, ಮಷೀನು ತೋರಿಸಿದ್ದು ಎಲ್ಲವನ್ನೂ ಆ ಪುಸ್ತಕದಲ್ಲಿ ಬರೆಯಬೇಕಂತೆ. ಅದು ಅವಳಿಗೆ. ಈ ಪುಸ್ತಕ ನನಗೆ. ಎಲ್ಲೋ ಒಂದು ಕಡೆ ಬೈಯಬೇಕಲ್ಲ.

ಜನವರಿ 13, ಶನಿವಾರ

ರೋಮಾನ್ ಎರಡು ಚೀಲ ಹೊತ್ತು ಬಂದ. ಚಳಿಗಾಲದಲ್ಲಿ ಮನೆಮನೆಯ ಬಾಯ್ಲರ್ ರಿಪೇರಿ ಮಾಡಿ ಸುಸ್ತಾಗಿ ಬರುವ ನನ್ನ ಗಂಡ, ಇವತ್ತು ಮಧ್ಯಾಹ್ನವೆಲ್ಲ ಅಂಗಡಿ ಸುತ್ತಿದ್ದಾನೆ. ಸಕ್ಕರೆರಹಿತ ಬಿಸ್ಕತ್ತು, ಸಕ್ಕರೆರಹಿತ ಚಾಕಲೇಟು, ಸಕ್ಕರೆರಹಿತ ಕೋಲಾ ಆರು ಬಾಟಲಿ, ಪುದೀನದ ಮಿಠಾಯಿ ಹತ್ತು ಪ್ಯಾಕೆಟ್ಟು, ಚಹಾಕ್ಕೆ ಹಾಕುವ ಸಿಹಿ ಗುಳಿಗೆಯ ಡಬ್ಬಿ.

"ನಿಂಗೇನೂ ಕಡಿಮೆಯಾಗ್ಬಾರ್ದು ಅಂತ ತಂದೆ," ಅಂದ.

ಚಹಾಕ್ಕೆ ಎರಡು ಗುಳಿಗೆ ಹಾಕಿದೆ. ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಒಂದು ಕಹಿ, ಹಳೆಯ ಚಮಚ ನೆಕ್ಕಿದ ಹಾಗೆ. ಮೂರು ಹಾಕಿದೆ. ಕಹಿ ಜಾಸ್ತಿಯಾಯಿತು. ರೋಮಾನ್ ಎದುರಿಗೆ ಕೂತು ಮುಖ ನೋಡುತ್ತಿದ್ದ. ಚೆನ್ನಾಗಿದೆ ಎಂದೆ.

ಜನವರಿ 22, ಸೋಮವಾರ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 168. ಹದಿಮೂರು ದಿನದಿಂದ ಒಂದು ಚಮಚ ಸಕ್ಕರೆ ಮುಟ್ಟಿಲ್ಲ. 168. ನೀಲಿ ಪುಸ್ತಕದಲ್ಲಿ 131 ಎಂದು ಬರೆದೆ. ಅಷ್ಟಾದರೂ ಇಳಿಯಬೇಕಾಗಿತ್ತು, ನ್ಯಾಯವಾಗಿ.

ಹೊಟ್ಟೆಯೊಳಗೆ ಯಾರೋ ಮೇಜು ಕುರ್ಚಿ ಎಳೆದಾಡುತ್ತಿದ್ದಾರೆ.

ಫೆಬ್ರವರಿ 1, ಗುರುವಾರ

ಹೊಟ್ಟೆ ಉಬ್ಬಿ ಸಮವಸ್ತ್ರದ ಗುಂಡಿ ಹಾಕಲಾಗುತ್ತಿಲ್ಲ. ಸಕ್ಕರೆ ಬಿಟ್ಟು ದಪ್ಪಗಾದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. 171. ನೀಲಿ ಪುಸ್ತಕದಲ್ಲಿ 124.

ಫೆಬ್ರವರಿ 8, ಗುರುವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ಮೊದಲಿನ ಕೊಬ್ಬಿನ ಗುರುವಾರ. ಇಡೀ ದೇಶ ಜಾಮು ತುಂಬಿ ಕರಿದ ಪೊಂಚ್ಕಿ ತಿನ್ನುವ ದಿನ. ಡಿಪೊದಲ್ಲಿ ಬೆಳಿಗ್ಗೆ ಐದಕ್ಕೇ ನಾಲ್ಕು ಪೆಟ್ಟಿಗೆ ಬಂದಿದ್ದವು. ಕರಿದ ವಾಸನೆ, ಗುಲಾಬಿ ಹೂವಿನ ಜಾಮಿನ ವಾಸನೆ. ಎಲ್ಲರ ಮೀಸೆಯ ಮೇಲೂ ಸಕ್ಕರೆ ಪುಡಿ. ನಾನು ಮುಟ್ಟಲಿಲ್ಲ. ರೋಮಾನ್ ಎಲ್ಲೋ ಹುಡುಕಿ ತಂದಿದ್ದ ಸಕ್ಕರೆರಹಿತ ಪೊಂಚ್ಕಿ ಎರಡು ನನ್ನ ಡಬ್ಬಿಯಲ್ಲಿದ್ದವು. ಎರಡನ್ನೂ ತಿಂದೆ. ಗಾಡಿ ಹೊರಟ ಮೇಲೂ ಬಾಯಿ ಸುಮ್ಮನಿರಲಿಲ್ಲ. ಒಂದೊಂದು ನಿಲ್ದಾಣಕ್ಕೆ ಒಂದೊಂದು ಪುದೀನ ಮಿಠಾಯಿ. ಹತ್ತು ಗಂಟೆಯೊಳಗೆ ಎರಡು ಪ್ಯಾಕೆಟ್ಟು ಖಾಲಿ.

ನನ್ನದು ಪಕ್ಕದ ಸಣ್ಣ ಊರಿನವರೆಗೆ ಹೋಗುವ ಉದ್ದದ ಮಾರ್ಗ. ಊರ ಹೊರಗೆ ಒಂದೇ ಹಳಿ. ಒಮ್ಮೆ ಹೊರಟರೆ ಒಂದು ಗಂಟೆ ಹತ್ತು ನಿಮಿಷ ಎಲ್ಲೂ ಇಳಿಯುವ ಹಾಗಿಲ್ಲ. ಹಳೆಯ ಕಾರ್ಖಾನೆ ದಾಟುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಒಂದು ಹಿಡಿತ ಬಂತು. ಎರಡನೇ ಹಿಡಿತಕ್ಕೆ ಕಣ್ಣು ಕತ್ತಲೆ ಬಂತು. ಮೂರನೆಯದಕ್ಕೆ ನನಗೆ ಗೊತ್ತಾಯಿತು, ಕೊನೆಯ ನಿಲ್ದಾಣ ಇನ್ನೂ ಇಪ್ಪತ್ತೈದು ನಿಮಿಷ, ನನ್ನ ಬಳಿ ಎರಡು ನಿಮಿಷವೂ ಇಲ್ಲ.

ಸ್ಮಶಾನದ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಬ್ರೇಕು ಹಾಕಿ, ಯಾರಿಗೂ ಏನೂ ಹೇಳದೆ ಎದುರಿನ ಹೂಹಾರದ ಅಂಗಡಿಗೆ ಓಡಿದೆ.

"ಟಾಯ್ಲೆಟ್ಟು," ಎಂದೆ.

"ಗಿರಾಕಿಗಳಿಗೆ ಮಾತ್ರ," ಎಂದಳು ಅಂಗಡಿಯವಳು.

"ಹಾಗಾದ್ರೆ ಒಂದು ಹಾರ ಕಟ್ಟಿ."

"ಯಾರಿಗೆ? ರಿಬ್ಬನ್ ಮೇಲೆ ತೀರಿಕೊಂಡವರ ಹೆಸರು ಏನಂತ ಬರೀಲಿ?"

"ಲುತ್ಸೀನಾಗೆ ಅಂತ ಬರೀರಿ," ಎಂದು ಒಳಗೆ ನುಗ್ಗಿದೆ.

ಹದಿನಾಲ್ಕು ನಿಮಿಷ. ತಿರುಗಿ ಬಂದಾಗ ವೈರ್‌ಲೆಸ್ ಕೂಗುತ್ತಿತ್ತು, ಹಿಂದಿನ ಗಾಡಿ ನನ್ನ ಬೆನ್ನಿಗೇ ನಿಂತು ಗಂಟೆ ಬಾರಿಸುತ್ತಿತ್ತು. ಒಬ್ಬಳು ಹೆಂಗಸು ಗಾಜು ಕುಟ್ಟಿ, ಆಸ್ಪತ್ರೆಯಲ್ಲಿ ನನ್ನ ಸರದಿ ಹೋಯ್ತು, ದೂರು ಕೊಡ್ತೀನಿ ಎಂದಳು. ಡಿಪೊದಿಂದ ಏನಾಯಿತು ಎಂದು ಕೇಳಿದರು.

"ಮೂರನೇ ಬಾಗಿಲು ಮುಚ್ಚಿಕೊಳ್ತಿರ್ಲಿಲ್ಲ. ಈಗ ಸರಿಹೋಯ್ತು," ಎಂದೆ.

ಮಾತು ತಾನಾಗಿಯೇ ಬಂತು. ನಾನು ಯೋಚಿಸಲೇ ಇಲ್ಲ. ಐವತ್ಮೂರು ವರ್ಷದ ಹೆಂಗಸು ಮತ್ತೇನು ಹೇಳಬೇಕಿತ್ತು, ನಾಲ್ಕು ಡಿಪೊ ಕೇಳಿಸಿಕೊಳ್ಳುವ ವೈರ್‌ಲೆಸ್ಸಿನಲ್ಲಿ?

ಫೆಬ್ರವರಿ 9, ಶುಕ್ರವಾರ

ಡಿಪೊ ಮುಖ್ಯಸ್ಥ ಗಯ್ದಾ ಕರೆಸಿದ್ದ. ಆ ಹೆಂಗಸು ನಿಜವಾಗಿ ದೂರು ಕೊಟ್ಟಿದ್ದಾಳೆ. ಮೂರನೇ ಬಾಗಿಲು ಎಂದು ಕಾಗದದ ಮೇಲೂ ಬರೆದು ಸಹಿ ಹಾಕಿದೆ. ಆ ಹಳೆಯ ಗಾಡಿಯಲ್ಲಿ ಕ್ಯಾಮೆರಾ ಇಲ್ಲ. ಗಾಡಿಯನ್ನು ವರ್ಕ್‌ಶಾಪಿಗೆ ಕಳಿಸಿದರು.

ಸಂಜೆ ರೋಮಾನನ ಕನ್ನಡಕ ಹಾಕಿಕೊಂಡು ಮಿಠಾಯಿ ಪ್ಯಾಕೆಟ್ಟಿನ ಬೆನ್ನು ಓದಿದೆ. ಇರುವೆಯ ಕಾಲಿನಷ್ಟು ಅಕ್ಷರದಲ್ಲಿ ಬರೆದಿದ್ದಾರೆ: ಅತಿಯಾಗಿ ತಿಂದರೆ ಭೇದಿಯಾಗಬಹುದು. ಬಿಸ್ಕತ್ತಿನ ಬೆನ್ನಲ್ಲೂ ಅದೇ. ಚಾಕಲೇಟಿನ ಬೆನ್ನಲ್ಲೂ ಅದೇ. ಮುಂದುಗಡೆ ಮಾತ್ರ ಹಸಿರು ಎಲೆ, ನಗುವ ಹುಡುಗಿ.

ರೋಮಾನನ ಮೇಲೆ ಹರಿಹಾಯ್ದೆ. ಒಂದು ತಿಂಗಳಿಂದ ನನಗೆ ಜುಲಾಬು ತಂದು ತಿನ್ನಿಸಿದ್ದೀಯ ಎಂದೆ. ಅವನು ಎದ್ದು ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಲ್ಕನಿಯಲ್ಲಿಟ್ಟ. ತಿರುಗಿ ಬೈಯಬಹುದಿತ್ತು.

ಫೆಬ್ರವರಿ 17, ಶನಿವಾರ

ಮಿಠಾಯಿ ಬಿಟ್ಟು ಎಂಟು ದಿನ. ಹೊಟ್ಟೆ ಮುಕ್ಕಾಲು ಪಾಲು ಶಾಂತ. ಉಳಿದ ಕಾಲು ಪಾಲು ಯಾವುದರದ್ದು? ಮಾತ್ರೆಯದೋ, ಚಹಾದ ಗುಳಿಗೆಯದೋ, ನನ್ನದೇನೋ. ಹೇಳುವವರಿಲ್ಲ.

ಮಧ್ಯಾಹ್ನ ವರ್ಕ್‌ಶಾಪಿನ ಮುಂದೆ ಹಾಯ್ದು ಬಂದೆ. ಬೊಗುಮಿಲ್ ನನ್ನ ಗಾಡಿಯ ಮೂರನೇ ಬಾಗಿಲನ್ನು ಪೂರಾ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಅರವತ್ತೊಂದು ವರ್ಷದ ಮೆಕ್ಯಾನಿಕ್. ಈ ಡಿಪೊದ ಬಾಗಿಲುಗಳನ್ನೆಲ್ಲ ಕೀರಲು ಸದ್ದು ಕೇಳಿಯೇ ಗುರುತು ಹಿಡಿಯುತ್ತಾನೆ.

"ಬಾ ತಾಯಿ," ಎಂದು ಕರೆದ. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಬಾಗ್ಲು ಅರ್ಧಕ್ಕೆ ನಿಂತಿತ್ತಾ, ಇಲ್ಲಾ ಪೂರ್ತಿ ತೆರೆದೇ ಇತ್ತಾ?"

"ಅರ್ಧಕ್ಕೆ," ಎಂದೆ.

"ಮೋಟಾರ್ ಶಬ್ದ ಬರ್ತಿತ್ತಾ?"

"ನೆನಪಿಲ್ಲ, ಬೊಗುಮಿಲಣ್ಣ."

"ನಾಲ್ಕು ದಿನದಿಂದ ಇನ್ನೂರು ಸಲ ತೆಗೆದು ಮುಚ್ಚಿದೀನಿ. ಬೆಣ್ಣೆ ಹಾಗೆ ಮುಚ್ಕೊಳ್ತದೆ. ಎಲ್ಲೋ ಇದೆ ದೋಷ, ನನ್ನ ಕೈಗೆ ಸಿಗ್ತಿಲ್ಲ. ವಯಸ್ಸಾಯ್ತು ನೋಡು."

ಸಣ್ಣ ಬಾಗಿಲಿಗೆ ಇಷ್ಟು ತಲೆ ಕೆಡಿಸಿಕೊಳ್ಳುವವನು ಅವನೊಬ್ಬನೇ. ಬೇರೆ ಯಾರಾದರೂ ಆಗಿದ್ದರೆ ಎಣ್ಣೆ ಬಿಟ್ಟು ಸರಿಯಾಯಿತು ಎಂದು ಬರೆದು ಮುಗಿಸುತ್ತಿದ್ದರು. ಅವನ ಮೇಲೂ ಸಿಟ್ಟು ಬಂತು.

ಫೆಬ್ರವರಿ 21, ಬುಧವಾರ

ಚಹಾದ ಗುಳಿಗೆಯನ್ನೇ ಹಿಡಿಯೋಣ ಎಂದು ಮನಸ್ಸು ಮಾಡಿದೆ. ಬೆಳಿಗ್ಗೆ 159. ಮೂರು ಗುಳಿಗೆ ಹಾಕಿ ಬರೀ ಚಹಾ ಕುಡಿದೆ. ಒಂದು ಗಂಟೆ ಬಿಟ್ಟು ನೋಡಿದರೆ 157. ಎರಡು ಗಂಟೆ ಬಿಟ್ಟು 155. ಅಂದರೆ ಕಳ್ಳ ಅದಲ್ಲ. ನಿನ್ನೆ ಅದೇ ಹೊತ್ತಿಗೆ ಬಾಲ್ಕನಿಯಿಂದ ತಂದ ಸಕ್ಕರೆರಹಿತ ಬಿಸ್ಕತ್ತು ಐದು ತಿಂದು ನೋಡಿದ್ದೆ. 160 ಇದ್ದದ್ದು 231 ಆಗಿತ್ತು.

ಯಾರನ್ನು ಬೈಯಬೇಕು ಎಂದು ಪಕ್ಕಾ ಗೊತ್ತಿದ್ದರೆ ಮನುಷ್ಯ ನೆಮ್ಮದಿಯಾಗಿ ಬೈಯಬಹುದು.

ಬಿಸ್ಕತ್ತಿನ ಪ್ಯಾಕೆಟ್ಟು ಅರ್ಧ ಖಾಲಿಯಿತ್ತು. ರೋಮಾನ್ ಕದ್ದು ತಿನ್ನುತ್ತಿದ್ದಾನೆ. ವ್ಯರ್ಥ ಆಗಬಾರದಂತೆ. ನಿನ್ನೆ ಸಂಜೆಯೆಲ್ಲ ಬಚ್ಚಲುಮನೆಯಲ್ಲಿ ಯಾಕಿದ್ದ ಎಂದು ಈಗ ತಿಳಿಯಿತು.

ಮಾರ್ಚ್ 5, ಮಂಗಳವಾರ

ಡಾಕ್ಟರ್ ವಿಲ್ಚೆಕ್ ನೀಲಿ ಪುಸ್ತಕವನ್ನು ಪುಟಪುಟವಾಗಿ ನೋಡಿದಳು. ಆಮೇಲೆ, "ಮಷೀನು ತಂದಿದೀರಾ? ಕೊಡಿ," ಎಂದಳು. ಒಂದು ಗುಂಡಿ ಒತ್ತಿದಳು. ಆ ದರಿದ್ರ ಮಷೀನು ಹಿಂದಿನದೆಲ್ಲ ನೆನಪಿಟ್ಟುಕೊಂಡಿರುತ್ತದಂತೆ. ತಾರೀಖು, ಗಂಟೆ ಸಮೇತ. 168, 171, 231. ಅವಳು ಒಂದೊಂದಾಗಿ ಓದಿದಳು. ನಾನು ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡುತ್ತ ಕೂತೆ.

"ನನಗೆ ಬೇಜಾರಿಲ್ಲ ಮೇಡಂ," ಎಂದಳು. "ಆದ್ರೆ ಈ ಪುಸ್ತಕದ ಪ್ರಕಾರ ಔಷಧಿ ಕೊಟ್ಟಿದ್ರೆ ನಾನು ಬೇರೆ ಯಾರಿಗೋ ಔಷಧಿ ಕೊಟ್ಟ ಹಾಗಾಗ್ತಿತ್ತು. ಈ ಪುಸ್ತಕದ ಹೆಂಗಸಿಗೆ ಕಾಯಿಲೆಯೇ ಇಲ್ಲ."

ಸಿಟ್ಟಿನಿಂದ ಚೀಲ ತೆರೆದು ಈ ಪುಸ್ತಕ ತೆಗೆದೆ. ಮಿಠಾಯಿ, ಪೊಂಚ್ಕಿ, ಬಿಸ್ಕತ್ತಿನ 231, ಚಹಾದ 157 ಎಲ್ಲ ಓದಿದೆ. ಅಂಗಡಿಯವಳದನ್ನೂ ಓದಿದೆ. ಬಾಗಿಲಿನ ಮಾತನ್ನು ಮಾತ್ರ ಹಾರಿಸಿದೆ.

ಅವಳು ಈ ಸಲ ನಗಲಿಲ್ಲ. ಮಿಠಾಯಿ ಬಿಸ್ಕತ್ತಿನಲ್ಲಿ ಹಾಕುವ ಸಿಹಿ ಪೂರ್ತಿ ಅರಗುವುದಿಲ್ಲವಂತೆ. ಕರುಳಿಗಿಳಿದು ನೀರು ಎಳೆಯುತ್ತದೆ, ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುಳಿಯೆಬ್ಬಿಸುತ್ತವೆ, ಅದೇ ಉಬ್ಬರ. ಮೆಟ್‌ಫಾರ್ಮಿನ್ ಕೂಡ ಮೊದಮೊದಲು ಹೊಟ್ಟೆ ಕೆಡಿಸುತ್ತದಂತೆ. "ಎರಡೂ ಒಟ್ಟಿಗೆ ಬಿದ್ದಿವೆ ನಿಮ್ಮ ಮೇಲೆ. ಬಿಸ್ಕತ್ತಲ್ಲಿ ಸಕ್ಕರೆ ಇಲ್ಲ ನಿಜ. ಮೈದಾ ಎಲ್ಲಿಗೆ ಹೋಯ್ತು?"

"ಮತ್ತೆ ಈ ಚಹಾದ ಗುಳಿಗೆ? ಅದು ಒಳ್ಳೇದೋ ಕೆಟ್ಟದ್ದೋ?"

"ಸಕ್ಕರೆ ಏರಿಸಲ್ಲ, ನೀವೇ ನೋಡಿದೀರಲ್ಲ. ಬಹಳ ದಿನ ತಗೊಂಡ್ರೆ ಕೆಲವರ ಕರುಳಿನ ಸೂಕ್ಷ್ಮಾಣು ಬದಲಾಗ್ತವೆ ಅಂತ ಕೆಲವು ಅಧ್ಯಯನ ಹೇಳ್ತವೆ. ಏನೂ ಆಗಲ್ಲ ಅಂತ ಕೆಲವು ಹೇಳ್ತವೆ."

"ನಾನು ಯಾವ ಕೆಲವರು?"

"ಗೊತ್ತಿಲ್ಲ," ಎಂದಳು. ಅಷ್ಟು ಓದಿ ಗೊತ್ತಿಲ್ಲ ಎನ್ನಲು ಅವಳಿಗೆ ನಾಚಿಕೆಯೂ ಆಗಲಿಲ್ಲ.

ನಿಧಾನ ಕರಗುವ ಮಾತ್ರೆ ಬರೆದುಕೊಟ್ಟಳು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ವಾರಕ್ಕೊಂದು ಗುಳಿಗೆ ಕಡಿಮೆ ಮಾಡಿ, ಊಟವಾದ ಮೇಲೆ ನಡೆಯಿರಿ ಎಂದಳು. ಮುಂದಿನ ಸಲ ನೀಲಿ ಪುಸ್ತಕ ಬೇಡ, ಇದನ್ನೇ ತನ್ನಿ ಎಂದಳು. ಇದರಲ್ಲಿ ಅವಳನ್ನೂ ಬೈದಿದ್ದೇನೆ ಎಂದು ಹೇಳಿದೆ. ಪರವಾಗಿಲ್ಲವಂತೆ.

ಮಾರ್ಚ್ 7, ಗುರುವಾರ

ಬೊಗುಮಿಲ್‌ಗೆ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಪ್ರಯಾಣಿಕರಿಗೆ ಅಪಾಯವಾಗಬಹುದಾದ ದೋಷವನ್ನು ಮೂರು ವಾರವಾದರೂ ಪತ್ತೆ ಮಾಡಲಿಲ್ಲ ಎಂದು. ಬಾಗಿಲಿನ ಕೆಲಸದಿಂದ ತೆಗೆದು, ಚಕ್ರ ಜಾರದಂತೆ ಹಳಿಗೆ ಉದುರಿಸುವ ಮರಳನ್ನು ಗಾಡಿಗಳಿಗೆ ತುಂಬುವಲ್ಲಿಗೆ ಹಾಕಿದ್ದಾರೆ. ಬೇಸಿಗೆಯಲ್ಲಿ ನಿವೃತ್ತಿಯಾಗಬೇಕೆಂದಿದ್ದವನು ಈಗಲೇ ಅರ್ಜಿ ಕೊಡುತ್ತಾನಂತೆ. ಕ್ಯಾಂಟೀನಿನಲ್ಲಿ ಹೇಳಿದರು. ನನ್ನ ಸೂಪು ತಣ್ಣಗಾಯಿತು.

ಮಾರ್ಚ್ 8, ಶುಕ್ರವಾರ

ಮಹಿಳಾ ದಿನ. ಗಯ್ದಾ ವರ್ಷಕ್ಕೊಮ್ಮೆ ಟೈ ಕಟ್ಟಿಕೊಂಡು ಚಾಲಕಿಯರಿಗೆಲ್ಲ ಒಂದೊಂದು ಟ್ಯುಲಿಪ್ ಹೂವು, ಒಂದೊಂದು ಚಾಕಲೇಟು ಹಂಚುತ್ತಾನೆ. ಸಾಲಿನಲ್ಲಿ ನಾನು ಏಳನೆಯವಳು. ನನ್ನ ಹಿಂದೆ ಹತ್ತು ಜನರಿದ್ದರು.

"ಶುಭಾಶಯ, ಲುತ್ಸೀನಾ ಮೇಡಂ. ಇದು ಸಕ್ಕರೆ ಇಲ್ಲದ್ದೇ, ನಿಮಗಾಗಿ ಬೇರೆ ತರಿಸಿದೆ," ಎಂದ.

"ಆ ಬಾಗಿಲಿಗೆ ಏನೂ ಆಗಿರ್ಲಿಲ್ಲ," ಎಂದೆ.

"ಯಾವ ಬಾಗಿಲು?"

"ಮೂರನೇದು. ನನಗೆ ಹೊಟ್ಟೆ ಕೆಟ್ಟಿತ್ತು. ಗಾಡಿ ಬಿಟ್ಟು ಟಾಯ್ಲೆಟ್ಟಿಗೆ ಓಡಿದ್ದೆ. ಸುಳ್ಳು ಹೇಳಿದೆ, ಸುಳ್ಳಿಗೆ ಸಹಿಯನ್ನೂ ಹಾಕಿದೆ. ಬೊಗುಮಿಲ್ ಪತ್ರ ವಾಪಸ್ ತಗೊಳ್ಳಿ."

ಗಯ್ದಾ ಹೂವು ಹಿಡಿದುಕೊಂಡೇ ನಿಂತ. "ಇದನ್ನ ಒಳಗೆ ಬಂದು ಹೇಳಬಹುದಿತ್ತಲ್ಲ," ಎಂದ ಮೆಲ್ಲಗೆ.

"ಒಳಗೆ ಹೇಳಿದ್ರೆ ಒಳಗೇ ಉಳೀತದೆ."

ಹಿಂದೆ ಯಾರೋ ಕಿಸಕ್ಕೆಂದರು. ಆಗ ನಲವತ್ತು ದಾಟಿದ ಧಡೂತಿ ಚಾಲಕಿಯೊಬ್ಬಳು, ಸಾಲಿನ ಕೊನೆಯಿಂದ, "ನಗ್ಬೇಡಿ. ನಾನು ಎಂಟು ವರ್ಷದಿಂದ ಕೆಲಸದ ದಿನ ನೀರೇ ಕುಡಿದಿಲ್ಲ. ಎರಡು ಸಲ ಕಿಡ್ನಿ ಕಲ್ಲು ತೆಗೆಸಿದೀನಿ," ಎಂದಳು. ಇನ್ನೊಬ್ಬಳು ಚಳಿಗಾಲದಲ್ಲಿ ಡೈಪರ್ ಕಟ್ಟಿಕೊಂಡು ಬರುತ್ತೇನೆ ಎಂದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗಯ್ದಾ ಚಾಕಲೇಟಿನ ಪೆಟ್ಟಿಗೆ ಮೇಜಿನ ಮೇಲಿಟ್ಟು ಒಳಗೆ ಹೋದ. ನನಗೆ ಹೂವೂ ಸಿಗಲಿಲ್ಲ.

ಮಾರ್ಚ್ 11, ಸೋಮವಾರ

ನನಗೆ ಲಿಖಿತ ಛೀಮಾರಿ. ಐದು ವಾರ ಮಾರ್ಗದ ಮೇಲೆ ಹೋಗುವಂತಿಲ್ಲ, ಡಿಪೊದೊಳಗೆ ಗಾಡಿ ಹಿಂದೆ ಮುಂದೆ ಮಾಡುವ ಕೆಲಸ. ಬೊಗುಮಿಲ್‌ನ ಪತ್ರ ಹರಿದರು.

ಕ್ಷಮೆ ಕೇಳಲು ವರ್ಕ್‌ಶಾಪಿಗೆ ಹೋದೆ. ಅವನು ಕೈ ಒರೆಸಿಕೊಂಡು ದೋಷಗಳ ದೊಡ್ಡ ಪುಸ್ತಕ ತೆಗೆದು ನನ್ನ ಮುಂದಿಟ್ಟ.

"ಬರಿ. ನಿನ್ನ ಕೈಯಲ್ಲೇ ಬರಿ. ಬಾಗಿಲು ಸರಿ ಇತ್ತು ಅಂತ."

ಬರೆದೆ.

"ಇಪ್ಪತ್ತೇಳು ದಿನ ಕಣಮ್ಮ," ಎಂದ. "ನನ್ನ ಕಿವೀನೇ ನಾನು ನಂಬೋದು ಬಿಟ್ಟಿದ್ದೆ. ಹೆಂಡ್ತಿ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ಲು."

ಪುಸ್ತಕ ಮುಚ್ಚಿ ಬೆನ್ನು ತಿರುಗಿಸಿದ. ಅಷ್ಟು ಜನರ ಮುಂದೆ ಮಾನ ಕಳೆದುಕೊಂಡವಳು ನಾನು, ಒಂದು ಒಳ್ಳೆಯ ಮಾತು ಆಡಬಹುದಿತ್ತು. ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರಲ್ಲ, ಹೇಳುವವರು ಹೇಳಿ ನೋಡಿಲ್ಲ.

ಬೆಳಿಗ್ಗೆ 146.

ಮಾರ್ಚ್ 20, ಬುಧವಾರ

ಚಹಾಕ್ಕೆ ಒಂದೇ ಗುಳಿಗೆ. ಊಟವಾದ ಮೇಲೆ ರೋಮಾನ್ ಜೊತೆ ಪಾರ್ಕು ಸುತ್ತುತ್ತೇನೆ. ಅವನು ಬಾಯ್ಲರ್ ಕಥೆ ಹೇಳುತ್ತಾನೆ, ಒಂದೇ ಕಥೆ ಮೂರು ಸಲ. ಹೊಸ ಮಾತ್ರೆಗೆ ಹೊಟ್ಟೆ ಅಷ್ಟಾಗಿ ರೇಗುವುದಿಲ್ಲ. ಹುಳಿ ಸೌತೆಕಾಯಿ, ಬೀಟ್ರೂಟಿನ ಸಾರು, ಕಪ್ಪು ಬ್ರೆಡ್ಡು ಒಂದು ತುಂಡು. 138. ಎರಡು ತುಂಡಾದರೆ 160. ಬ್ರೆಡ್ಡಿನಲ್ಲಿ ಯಾರು ಸಕ್ಕರೆ ನೋಡಿದ್ದಾರೆ. ಎಲ್ಲ ಮೋಸ.

ಮಾರ್ಚ್ 31, ಭಾನುವಾರ, ಈಸ್ಟರ್

ನಾದಿನಿ ಪ್ರತಿ ವರ್ಷದಂತೆ ಮಜೂರೆಕ್ ಕೇಕು ಮಾಡಿ ತಂದಿದ್ದಳು. ಹಬ್ಬವಲ್ಲವೇ, ಒಂದು ಬೆರಳಿನಷ್ಟು ಅಗಲದ ತುಂಡು ತಿಂದೆ, ನಿಜವಾದ ಸಕ್ಕರೆಯದು. ಗಂಟಲಲ್ಲಿ ಇಳಿಯಲಿಲ್ಲ. ಈ ವರ್ಷ ಸಕ್ಕರೆ ವಿಪರೀತ ಸುರಿದಿದ್ದಾಳೆ. ಹೇಳಿಯೇ ಬಿಟ್ಟೆ.

"ಮೂವತ್ತು ವರ್ಷದಿಂದ ಅದೇ ಅಳತೆ ಅತ್ತಿಗೆ," ಎಂದು ಮುಖ ಊದಿಸಿಕೊಂಡಳು.

ಸುಳ್ಳು ಹೇಳುತ್ತಾಳೆ. ತಿಂದು ಎರಡು ಗಂಟೆಯಾದ ಮೇಲೆ 151.

ಏಪ್ರಿಲ್ 11, ಗುರುವಾರ

ವೈದ್ಯಕೀಯ ಪರೀಕ್ಷೆ. ಕಣ್ಣು, ಕಿವಿ, ಹೃದಯ ಆದ ಮೇಲೆ ರಕ್ತದ ವರದಿ. ಸರಾಸರಿ ಏಳು ಪಾಯಿಂಟ್ ಒಂದು. ಪರೀಕ್ಷೆಯ ಡಾಕ್ಟರು ಕಾಗದದ ಮೇಲೆ ಮುದ್ರೆ ಒತ್ತಿ, ಆರು ತಿಂಗಳಿಗೆ ಮತ್ತೆ ಬರಬೇಕು ಎಂದ. ಇನ್ಸುಲಿನ್ ಬೇಡ, ಗಾಡಿ ಓಡಿಸಬಹುದು. ಆರು ಎಂದು ಬರೆಯುವಷ್ಟು ಇಳಿಯಬಹುದಿತ್ತು. ಮೂರು ತಿಂಗಳು ನರಳಿದ್ದಕ್ಕೆ ಏಳು.

ರೋಮಾನ್ ಬಾಗಿಲಲ್ಲೇ ಕಾಯುತ್ತಿದ್ದ. ವರದಿ ಕೈಗಿಟ್ಟೆ. ಓದಿ, ಮಡಚಿ, ತನ್ನ ಶರ್ಟಿನ ಜೇಬಿಗೆ ಇಟ್ಟುಕೊಂಡ. ಸಕ್ಕರೆ, ಗುಳಿಗೆ ಏನೂ ಹಾಕದ ಬರಿಯ ಚಹಾ ಮಾಡಿದ, ಇಬ್ಬರಿಗೂ.

ಏಪ್ರಿಲ್ 16, ಮಂಗಳವಾರ

ಇವತ್ತಿನಿಂದ ಮತ್ತೆ ಉದ್ದದ ಮಾರ್ಗ. ಮೊದಲ ದಿನವೇ ಎಲ್ಲ ಕೆಟ್ಟಿತು.

ಹೆಂಗಸರೆಲ್ಲ ಸೇರಿ ಅರ್ಜಿ ಕೊಟ್ಟ ಮೇಲೆ ಅರ್ಧ ದಾರಿಯ ವಿದ್ಯುತ್ ಕೇಂದ್ರದ ಶೌಚಾಲಯದ ಬೀಗದ ಕೈಯನ್ನು ಚಾಲಕರಿಗೆ ಕೊಟ್ಟಿದ್ದಾರೆ. ಪ್ರಯಾಣಿಕರಿಗೆ ತಿಳಿಸಿ ನಾಲ್ಕು ನಿಮಿಷ ನಿಲ್ಲಿಸಬಹುದು. ಹತ್ತೂವರೆಗೆ ಅಲ್ಲಿಗೆ ಬರುತ್ತಿದ್ದ ಹಾಗೆ ಹೊಟ್ಟೆ ಹಿಂಡಿತು. ಮಾತ್ರೆ, ಇಲ್ಲವೇ ನಿನ್ನೆಯ ಎಲೆಕೋಸು. ಗಾಡಿ ತುಂಬಿತ್ತು. ಮೈಕಿನ ಗುಂಡಿ ಒತ್ತಿ, "ನಾನು ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ. ನಾಲ್ಕು ನಿಮಿಷ," ಎಂದು ಇಳಿದು ಹೋದೆ.

ಮೂರೂವರೆ ನಿಮಿಷಕ್ಕೇ ಬಂದೆ. ನೋಡಿದರೆ ಟೊಪ್ಪಿ ಹಾಕಿದ ಮುದುಕನೊಬ್ಬ ಕೆಳಗಿಳಿದು ಹಳಿಯ ಪಕ್ಕ ನಿಂತಿದ್ದಾನೆ.

"ಹತ್ತಿ ತಾತ, ಹೊರಡ್ಬೇಕು."

"ಬೀಗದ ಕೈ ಸ್ವಲ್ಪ ಕೊಡಮ್ಮ. ಕೇಳೋಕೆ ನಾಚ್ಕೆ ಆಗ್ತಿತ್ತು. ನೀನೇ ಹೇಳಿದ್ಮೇಲೆ ನಂಗೇನು."

ಕೊಡದೆ ಏನು ಮಾಡಲಿ. ಅವನು ಹೋದ ವೇಗ ಬಸವನ ಹುಳುವಿನದು, ಬಂದ ವೇಗ ಇನ್ನೂ ಕಡಿಮೆ. ಒಂಬತ್ತು ನಿಮಿಷ ತಡ. ಎದುರಿನ ಗಾಡಿ ಒಂಟಿ ಹಳಿಯ ತುದಿಯಲ್ಲಿ ಕಾದು ಕಾದು ಸಾಕಾಗಿ ಗಂಟೆ ಬಾರಿಸಿತು. ಇಡೀ ದಿನದ ವೇಳಾಪಟ್ಟಿ ಹಾಳು.

ಸಂಜೆ ಡಿಪೊದಲ್ಲಿ ವಿಳಂಬದ ಚೀಟಿ ತುಂಬಬೇಕಾಯಿತು. ಕಾರಣ ಎಂಬಲ್ಲಿ ಬರೆಯಲು ಎರಡು ಬೆರಳು ಜಾಗ ಬಿಟ್ಟಿರುತ್ತಾರೆ, ಅದರಲ್ಲಿ ಮನುಷ್ಯ ಏನು ತಾನೇ ಬರೆಯಬೇಕು. "ಶೌಚ, ಇಬ್ಬರು" ಎಂದು ಬರೆದು ಸಹಿ ಹಾಕಿ ಮನೆಗೆ ಬಂದೆ.